ಹೇಳಲೇಬೇಕಾದ ಒಂದು ಕುಂದು

7 ಜುಲೈ 2025, ಸೋಮವಾರ. ಬೆಳಿಗ್ಗೆ

ಇವತ್ತೂ ಐದಕ್ಕೇ ಎಚ್ಚರ. ಫ್ಯಾಕ್ಟರಿ ಮುಚ್ಚಿ ಮೂರು ತಿಂಗಳಾಯಿತು. ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕೂತೆ. ಸ್ಪಂದನಾ ಕೊಟ್ಟ ಹೋಂವರ್ಕ್ — ಹುದ್ದೆಯ ಹೆಸರು ಬಳಸದೆ ನೀವು ಯಾರು ಅಂತ ಎರಡು ಸಾಲು ಬರೆಯಿರಿ.

ಬರೆದೆ: ನಾನು ಬೃಂದಾ. ಆಮೇಲೆ ಏನೂ ತೋಚಲಿಲ್ಲ.

ಕಡೂರಿನ ಕಾಯಿಪುಡಿ ಫ್ಯಾಕ್ಟರಿಗೆ ಟೈಪಿಸ್ಟ್ ಆಗಿ ಸೇರಿದವಳು ಜನರಲ್ ಮ್ಯಾನೇಜರ್ ಆಗಿ ಹೊರಗೆ ಬಂದೆ. ಇಪ್ಪತ್ತೆರಡು ವರ್ಷ. ಯಾರಾದರೂ ಕೇಳಿದರೆ ಜಿಎಂ ಅಂದರೆ ಸಾಕಾಗುತ್ತಿತ್ತು. ಈಗ ನಲವತ್ತೆಂಟು. ಅರ್ಜಿ ಹಾಕಿದ ಕಡೆಯಿಂದೆಲ್ಲ ಮೌನ. ಸ್ಪಂದನಾ ಬೆಂಗಳೂರಿನ ಕೆರಿಯರ್ ಕೋಚ್. ವಿಡಿಯೊ ಕಾಲ್‌ನಲ್ಲಿ ಪಾಠ. ಪರ್ಸನಲ್ ಬ್ರ್ಯಾಂಡ್ ಇಲ್ಲದಿದ್ದರೆ ಈ ವಯಸ್ಸಿನವರನ್ನು ಯಾರೂ ಕರೆಯುವುದಿಲ್ಲ ಅನ್ನುತ್ತಾಳೆ. ನನ್ನ ಅರ್ಧ ವಯಸ್ಸಿನ ಹುಡುಗಿ, ಆದರೂ ಒರಟಾಗಿ ಒಂದು ಮಾತಾಡಿಲ್ಲ. ಒಳ್ಳೆಯ ಮಗು.

ನಮ್ಮ ಮನೆಯವರಿಗೆ ಬೀರೂರಲ್ಲಿ ಮೆಡಿಕಲ್ ಸ್ಟೋರ್. ತಿಂಡಿ ತಿನ್ನುತ್ತಾ ಅಂದರು: "ಬ್ರ್ಯಾಂಡ್ ಯಾವ್ದಾದ್ರೇನು, ಜನ ಕೊನೆಗೆ ಕಮ್ಮಿ ರೇಟಿನ ಮಾತ್ರೇನೇ ಕೇಳ್ತಾರೆ ಕಣೇ." ನಕ್ಕೆ. ನಕ್ಕು ಎಷ್ಟು ದಿನ ಆಗಿತ್ತೋ.

9 ಜುಲೈ

ಹೊಸ ಪಾಠ. ನಿಮ್ಮ ಕೈಕೆಳಗೆ ಕೆಲಸ ಮಾಡಿದವರಿಂದ ನಿಮ್ಮ ಬಗ್ಗೆ ನಾಲ್ಕು ಮಾತು, ವಿಡಿಯೊದಲ್ಲಿ. ಟೆಸ್ಟಿಮೋನಿಯಲ್.

ಕೈಕೆಳಗಿನವರು ಅಂದರೆ ಕಾಯಿ ಸಿಪ್ಪೆ ಹೆರೆಯುತ್ತಿದ್ದ ಹೆಂಗಸರು. ಅಷ್ಟೂ ಜನರನ್ನು ಮನೆಗೆ ಕಳಿಸಿದ್ದು ನಾನು. ಆಮೇಲೆ ಮಾಲೀಕರು ನನ್ನನ್ನು ಕಳಿಸಿದರು, ಆ ಮಾತು ಬೇರೆ.

ದಿನವೆಲ್ಲ ಹಿಂದೆ ಮುಂದೆ ನೋಡಿ, ಸಂಜೆ ದುರ್ಗಮ್ಮನಿಗೆ ಫೋನ್ ಮಾಡಿದೆ. ಆ ವಿಭಾಗದ ಮೇಸ್ತ್ರಿ ಆಕೆ. ವಿಷಯ ಹೇಳಿದೆ. ಆಕೆಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಹೆಣ್ಣು ಗೊತ್ತು ಮಾಡುವ ಮುಂಚೆ ಗಂಡಿನ ಕಡೆಯವರು ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರಲ್ಲ, ಹಾಗೇ ತಾನೇ, ಭಾನುವಾರ ಬನ್ನಿ ಅಂದರು.

13 ಜುಲೈ, ಭಾನುವಾರ. ಸಂಜೆ

ಸಿಂಗಟಗೆರೆಗೆ ಹೋಗಿ ಬಂದೆ. ದುರ್ಗಮ್ಮನ ಜಗುಲಿಯಲ್ಲಿ ಆರೇಳು ಜನ, ಮದುವೆಗೆ ಹೊರಟವರ ಹಾಗೆ ಹೂ ಮುಡಿದು ಕೂತಿದ್ದರು.

ಕಾಫಿ ಕುಡೀತೀರಾ ಅಂತ ಕೇಳಿ ಕೊಟ್ಟರು ದುರ್ಗಮ್ಮ. ಫ್ಯಾಕ್ಟರಿಯಲ್ಲಿ ಒಂದೇ ಕೆಟಲ್‌ನಿಂದ ಕುಡಿಯುತ್ತಿದ್ದೆವು. ಮನೆಯಲ್ಲಿ ಮಾತ್ರ ಜಾತಿ ನೆನಪಾಗಿ ಕೇಳಿ ಕೊಡಬೇಕಾಯಿತು. ಎರಡು ಲೋಟ ಕುಡಿದೆ.

ಕೆಂಚಮ್ಮ ಕ್ಯಾಮೆರಾ ನೋಡಿ ಶುರು ಮಾಡಿದರು: ಹೊತ್ತಿಗೆ ಮುಂಚೆ ಏಳ್ತಾರೆ, ಅನ್ನ ಚೆಲ್ಲೋರಲ್ಲ, ದೊಡ್ಡೋರು ಚಿಕ್ಕೋರು ಅಂತ ಗೊತ್ತು. ಇನ್ನೊಬ್ಬಾಕೆ ನನ್ನ ಆರೋಗ್ಯ ಗಟ್ಟಿ, ಒಂದು ದಿನ ತಲೆನೋವು ಅಂದವರಲ್ಲ ಎಂದರು. ಕಂಪನಿಯವರು ನನ್ನನ್ನು ಸೊಸೆ ಮಾಡಿಕೊಂಡರೂ ಆಶ್ಚರ್ಯವಿಲ್ಲ.

ಕೊನೆಗೆ ದುರ್ಗಮ್ಮ. ಸೆರಗು ಸರಿ ಮಾಡಿಕೊಂಡು ಕೂತರು.

"ನಮ್ ಮೇಡಮ್ಮು ಗುಣದಲ್ಲಿ ಚಿನ್ನ. ಕುಂದು ಅಂದ್ರೆ ಒಂದೇಯ. ನಮ್ಮನ್ನೆಲ್ಲ ಕೆಲ್ಸದಿಂದ ತೆಗ್ದೋರು ಇವ್ರೇ. ಆದ್ರೆ ಗೇಟಿಗೆ ಚೀಟಿ ಅಂಟಿಸಿ ಓಡೋಗ್ಲಿಲ್ಲ. ಎರಡು ತಿಂಗ್ಳು ಮುಂಚೇನೇ ಎದುರಿಗೆ ನಿಂತು ಹೇಳಿದ್ರು. ನಾವು ಬೈದ್ವಿ. ಬೈಸ್ಕೊಂಡ್ರು."

ಆ ಕುಂದು ಯಾಕೆ ಹೇಳಿದಿರಿ ಅಂತ ಆಮೇಲೆ ಕೇಳಿದೆ. ಒಂದು ಕುಂದಾದರೂ ಹೇಳಬೇಕಂತೆ. ಬರೀ ಹೊಗಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಗಂಡಿನ ಕಡೆಯವರು ಎದ್ದು ಹೋಗುತ್ತಾರಂತೆ.

ಅವತ್ತು ಎದುರಿಗೆ ನಿಂತದ್ದು ಧೈರ್ಯಕ್ಕಲ್ಲ. ಚೀಟಿ ಅಂಟಿಸಿದ್ದರೆ ಕಡೂರು ಪೇಟೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ, ಅದಕ್ಕೆ. ಅದನ್ನು ಅವರು ಇಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದಾರೆ. ಯಾವ ಪುಣ್ಯವೋ.

ಹೊರಡುವಾಗ ದುರ್ಗಮ್ಮನ ಮಗಳು ಭೂಮಿಕಾ ಬಂದಳು. ಅಜ್ಜಂಪುರದ ದಾರಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ. ಈಗ ಮನೆ ನಡೆಯುವುದು ಅವಳ ಸಂಬಳದಲ್ಲೇ. ಬಸ್‌ಸ್ಟಾಪ್‌ವರೆಗೆ ನನ್ನ ಬ್ಯಾಗು ಹೊತ್ತು ಬಂದಳು.

15 ಜುಲೈ

ಸ್ಪಂದನಾಗೆ ವಿಡಿಯೊ ಇಷ್ಟ ಆಗಿದೆ. ದುರ್ಗಮ್ಮನ ಮಾತಿನಲ್ಲಿ ಕೆಲಸದಿಂದ ತೆಗೆದದ್ದನ್ನು ಮಾತ್ರ ಕತ್ತರಿಸಿ ಅಂದಳು. ನೆಗೆಟಿವ್ ಅಂತೆ.

ಕತ್ತರಿಸಿ ನೋಡಿದೆ. ಉಳಿದದ್ದು ಚಿನ್ನ ಮಾತ್ರ. ನನಗೇ ನಂಬಿಕೆ ಬರಲಿಲ್ಲ.

16 ಜುಲೈ

ಪೂರ್ತಿ ಹಾಕಿದೆ ಲಿಂಕ್ಡ್‌ಇನ್‌ಗೆ. ಆದದ್ದಾಗಲಿ.

2 ಆಗಸ್ಟ್

ಬರೆಯಲು ಪುರುಸೊತ್ತಿಲ್ಲ. ಗುರುತಿಲ್ಲದವರೆಲ್ಲ ವಿಡಿಯೊ ನೋಡಿದ್ದಾರೆ. ದುರ್ಗಮ್ಮನ ಬೈಸ್ಕೊಂಡ್ರು ಅನ್ನುವ ಮಾತು ಅವರಿಗೆಲ್ಲ ಬಾಯಿಪಾಠ. ಸ್ಪಂದನಾ ಫೋನ್ ಮಾಡಿ, ತಾನು ಹೇಳಿದ್ದು ತಪ್ಪು, ನೀವು ಮಾಡಿದ್ದೇ ಸರಿ ಅಂದಳು.

ಇವತ್ತು ಬೆಂಗಳೂರಿನ ಒಂದು ಕಂಪನಿಯಿಂದ ಮೇಲ್‌ನಲ್ಲಿ ಕರೆ. ಹಳೆಯದಕ್ಕಿಂತ ದೊಡ್ಡ ಸಂಬಳ. ಇವರು ಅಂಗಡಿ ಬಿಟ್ಟು ಜಿಲೇಬಿ ತಂದರು.

ಬಾಯಲ್ಲಿ ಜಿಲೇಬಿ ಇದ್ದಾಗಲೇ ಪೂರ್ತಿ ಮೇಲ್ ಓದಿದ್ದು. ಅವರ ಒಂದು ಘಟಕ ಮುಚ್ಚಬೇಕು. ಗಲಾಟೆ ಇಲ್ಲದೆ, ಮರ್ಯಾದೆಯಿಂದ. 'ನಿಮ್ಮ ವಿಡಿಯೊ ನೋಡಿದ ಮೇಲೆ ನಮಗೆ ಬೇರೆ ಹೆಸರೇ ಹೊಳೆಯಲಿಲ್ಲ.'

ಘಟಕ ಇರುವುದು ಅಜ್ಜಂಪುರದ ದಾರಿಯಲ್ಲಿ. ಭೂಮಿಕಾಳ ಗಾರ್ಮೆಂಟ್ಸ್.

ಇದು ನನ್ನ ಬ್ರ್ಯಾಂಡ್. ಚೆನ್ನಾಗಿ ಮುಚ್ಚುವವಳು.

4 ಆಗಸ್ಟ್. ಸಂಜೆ

ಬೇಡ ಅಂತ ಮೇಲ್ ಬರೆದಿಟ್ಟೆ, ಕಳಿಸಲಿಲ್ಲ. ಸಿಂಗಟಗೆರೆಗೆ ಹೋದೆ. ಊರಿನ ಹೆಸರು ಹೇಳಬಾರದೆಂದೇ ಹೋದದ್ದು. ಇನ್ನೊಂದು ಫ್ಯಾಕ್ಟರಿ ಮುಚ್ಚುವ ಕೆಲಸ ಬಂದಿದೆ ಅಂತಷ್ಟೇ ಹೇಳಿದೆ. ಯಾವೂರಲ್ಲಿ ಅಂತ ದುರ್ಗಮ್ಮ ಕೇಳಿದರು. ಗೋಡೆಯ ಮೇಲಿದ್ದ ಭೂಮಿಕಾಳ ಫೋಟೊ ಕಡೆ ಕಣ್ಣು ಹೋಯಿತು.

"ನಮ್ ಭೂಮಿಕಾ ಕೆಲ್ಸಕ್ಕೆ ಹೋಗೋದಾ?"

ತಲೆಯಾಡಿಸಿದೆ. ದುರ್ಗಮ್ಮ ಎದ್ದು ಒಳಗೆ ಹೋದರು. ಆಮೇಲೆ ಕಾಫಿ ತಂದರು. ಈ ಸಲ ಕುಡೀತೀರಾ ಅಂತ ಕೇಳಲಿಲ್ಲ.

"ನೀವು ಒಲ್ಲೆ ಅಂದ್ರೆ ಮುಚ್ಚದು ಬಿಡ್ತಾರಾ?"

ಇಲ್ಲ ಅಂದೆ.

"ಹಂಗಾದ್ರೆ ಹೋಗಿ. ಯಾವನೋ ಬಂದು ಚೀಟಿ ಅಂಟ್ಸೋದ್ಕಿಂತ ನೀವು ಹೇಳೋದು ವಾಸಿ. ನಾನು ಅವ್ಳಿಗೆ ಹೇಳಾಕಿಲ್ಲ, ನಿಮ್ ಬಾಯಿಂದ್ಲೇ ಕೇಳ್ಲಿ. ಬೈತಾಳೆ. ಬೈಸ್ಕೊಳ್ಳಿ."

ಹೊರಟಾಗ ನಿಲ್ಲಿಸಿ ಮಡಿಲಿಗೆ ಅಕ್ಕಿ, ಕಾಯಿ, ಎಲೆಅಡಿಕೆ ಹಾಕಿದರು. ಗಂಡನ ಮನೆಗೆ ಹೋಗುವ ಮಗಳಿಗೆ ಹಾಕುವ ಹಾಗೆ. ಬಸ್ಸಿನಲ್ಲಿ ಸೆರಗು ಬಿಡದೆ ಹಿಡಿದು ಕೂತು ಅತ್ತೆ. ಹೆತ್ತವ್ವ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

11 ಆಗಸ್ಟ್

ಕಂಪನಿಗೆ ಮೂರು ಷರತ್ತು ಇಟ್ಟೆ. ಎರಡು ತಿಂಗಳು ಮುಂಚೆ ನಾನೇ ಎದುರಿಗೆ ನಿಂತು ಹೇಳಬೇಕು. ತರೀಕೆರೆ, ಕಡೂರಿನ ಬೇರೆ ಮಾಲೀಕರನ್ನು ನಮ್ಮ ಶೆಡ್‌ಗೇ ಕರೆಸಿ ಇಂಟರ್‌ವ್ಯೂ ಮಾಡಿಸಬೇಕು. ಹೊಸ ಕೆಲಸ ಸಿಗದವರಿಗೆ ಮೂರು ತಿಂಗಳ ಸಂಬಳ. ಮೊದಲಿನ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ ಒಂದೇ ತಿಂಗಳು ಅಂದರು. ಜಗಳ ಆಡಿದೆ. ಒಂದೂವರೆಗೆ ಬಂತು. ಅಷ್ಟೇ ಆದದ್ದು.

1 ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ, ಹೊಸ ಕ್ಯಾಬಿನ್

ಎಂಟರ ಬಸ್ಸಿಗೆ ಬಂದೆ. ಗಾಜಿನಾಚೆ ಸಾಲು ಸಾಲು ಮಷೀನು, ಬಗ್ಗಿದ ತಲೆಗಳು. ಬೆಲ್ ಆದ ಮೇಲೆ ಎಲ್ಲರನ್ನೂ ಸೇರಿಸುತ್ತಾರೆ. ಮೈಕು ಬೇಡ ಅಂದಿದ್ದೇನೆ.

ಭೂಮಿಕಾ ಮೂರನೇ ಸಾಲಿನಲ್ಲಿದ್ದಾಳೆ. ನನ್ನನ್ನು ನೋಡಿದ್ದೇ ಎದ್ದು ಓಡಿ ಬಂದಳು. ಹೊಸ ಜಿಎಂ ನೀವಾ ಅಂತ ಕೇಳಿದಳು. ಉತ್ತರಕ್ಕೂ ಕಾಯಲಿಲ್ಲ. ಪಕ್ಕದವಳಿಗೆ ಹೇಳುತ್ತಾ ಹೋದಳು: "ನಮ್ಮಮ್ಮನ ಮೇಡಂ ಕಣೇ. ಇನ್ನೇನೂ ಭಯ ಇಲ್ಲ."

ದುರ್ಗಮ್ಮ ಹಾಕಿದ ಅಡಿಕೆ ಪರ್ಸಿನಲ್ಲಿದೆ. ಮುಟ್ಟಿ ನೋಡಿಕೊಂಡೆ.

ಬೆಲ್ ಆಯಿತು. ಮಷೀನು ಒಂದೊಂದೇ ನಿಲ್ಲುತ್ತಿವೆ. ಹೋಗಬೇಕು. ಮೊದಲು ಹೇಳುವುದು: ನಾನು ಬೃಂದಾ. ಆಮೇಲೆ —