ಅಣ್ಣನ ಬಲಗಿವಿ

ಗ್ಯಾರೇಜಿನಿಂದ,
ಭಾನುವಾರ, ಜೂನ್ ೧೪

ನನ್ನ ಮುದ್ದು ಅಣ್ಣಂಗೆ,

ಹೇಗಿದ್ದೀಯಾ? ಚೆನ್ನಾಗಿದ್ದೀನಿ ಅಂತ ಬರೀಬೇಡ, ನಂಬಲ್ಲ. ಕಿವಿಯಿಂದ ಇನ್ನೂ ಕೀವು ಬರ್ತಿದ್ಯಾ, ಮಲಗಿದ್ರೆ ನಿದ್ದೆ ಹತ್ತುತ್ತಾ, ಅಷ್ಟು ಬರಿ. ಅಮ್ಮನ ಮಂಡಿನೋವು ಹಾಗೇ ಇದೆ, ಬೈಗುಳನೂ ಹಾಗೇ ಇದೆ, ಅಂದ್ರೆ ಗಟ್ಟಿಯಾಗಿದ್ದಾಳೆ. ನಿಂಗೆ ಕೊಡೋಕೆ ಮುಂಚೆ ಇದನ್ನ ಒಡೆದು ಓದೋ ಜೈಲು ಸಾಹೇಬ್ರೂ ಚೆನ್ನಾಗಿರ್ಲಿ. ಓದ್ಕೊಳ್ಳಿ ಸಾಹೇಬ್ರೇ, ನಾನೇನೂ ಕದ್ದುಮುಚ್ಚಿ ಬರೀತಿಲ್ಲ.

ಹೋದ ಭೇಟಿಲಿ ನೀನು ಜಾಲರಿ ಆಚೆ ನಗ್ತಾ ಕೂತಿದ್ದೆ. ಅಮ್ಮ ಊಟ ಸೇರ್ತಿದ್ಯಾ ಅಂದ್ಲು, ಹೂಂ ಅಂದೆ. ಒಳಗೆ ಯಾರಾದ್ರೂ ಹೊಡೆದ್ರಾ ಮಗನೇ ಅಂದ್ಲು, ಅದಕ್ಕೂ ನಗ್ತಾನೇ ಹೂಂ ಅಂದೆ. ಅಮ್ಮ ಬಿಳಿಚಿಕೊಂಡಿದ್ದು ನೋಡಿ ಆಮೇಲೆ ಎಡಗಿವಿ ಜಾಲರಿಗೆ ತಂದು ಏನಂದೆ ಅಂತ ಕೇಳಿದೆಯಲ್ಲ, ಅಲ್ಲಿಗೆ ನಂಗೆ ಅರ್ಥ ಆಯ್ತು, ಬಲಗಿವಿ ಕೇಳಿಸ್ತಿಲ್ಲ ಅಂತ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಜೈಲಿನ ಡಾಕ್ಟರ ಹತ್ರ ಬರೆಸಿದ್ದೀಯಂತೆ. ಬಚ್ಚಲು ಗುರಿಯಿಟ್ಟು ಒಂದೇ ಕಿವಿಗೆ ಹೊಡೆಯುತ್ತಾ, ದಡ್ಡ? ಹೊಡೆದೋನು ನಿನ್ನ ಪಕ್ಕದಲ್ಲೇ ಮಲಗ್ತಾನೆ, ಅದಕ್ಕೆ ಬಾಯಿ ಬಿಡ್ತಿಲ್ಲ, ಗೊತ್ತು ನಂಗೆ.

ನಾನು ಸುಮ್ನೆ ಕೂರ್ತೀನಾ? ಏಟು ತಿಂದೋರಿಗೆ ಸರ್ಕಾರದ ದುಡ್ಡು ಕೊಡ್ಸೋ ಪರಿಹಾರದ ಆಫೀಸಿಗೆ ಹೋದೆ. ಅಲ್ಲಿ ಗುಮಾಸ್ತ, ಕಳ್ಳಂಗೂ ಪರಿಹಾರನಾ ತಾಯಿ ಅಂತ ಹಲ್ಲು ಕಿರಿದ. ಕದ್ದ ಬೈಕು ಅಂತ ಗೊತ್ತಿದ್ದೂ ನೀನು ಬಿಚ್ಚಿ ಮಾರಿದೆ, ಅದು ತಪ್ಪೇ, ನಾನು ಮುಚ್ಚಿಡಲ್ಲ. ಆದ್ರೆ ಕೋರ್ಟು ಜೈಲು ಅಂತ ಬರೀತು, ಕಿವಿ ಒಡೀರಿ ಅಂತ ಎಲ್ಲಿ ಬರೆದಿದೆ ತೋರ್ಸಿ ಅಂದೆ. ಹಲ್ಲು ಒಳಗೆ ಹೋಯ್ತು. ಬಿಟ್ಟಿಯಾಗಿ ಕೇಸು ನಡೆಸೋ ನಮ್ಮ ವಕೀಲಕ್ಕ ಹೇಳಿದ್ರು, ಒಳಗಿದ್ದೋರಿಗೆ ಏಟು ಬಿದ್ರೂ ಪರಿಹಾರ ಕೇಳೋ ಹಕ್ಕಿದೆಯಂತೆ. ಕಿವಿ ಆಪರೇಷನ್ನಿಗೆ ಅದೊಂದೇ ದಾರಿ. ಆದ್ರೆ ಜಾರಿ ಬಿದ್ದೋನಿಗೆ ಯಾರೂ ಏನೂ ಕೊಡಲ್ಲ.

ನಂಗೆ ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ನೀನು ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗಿಟ್ಟು, ಹಿಡಿ ಆ ಬಲಗಿವಿಗೇ ಒತ್ತಿ, ಸದ್ದು ಮಾಡ್ತಿರೋದು ವಾಲ್ವಾ ಬೇರಿಂಗಾ ಅಂತ ಹೇಳ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ನಂಗೆ ನೀನು ಕಲಿಸಿದ ಮೊದಲ ಪಾಠ ಅದೇ. ನಿನ್ನೆ ಒಂದು ವ್ಯಾನು ಬಂತು. ನಾನು ಬೇರಿಂಗು ಅಂದೆ, ಬಿಚ್ಚಿದ್ರೆ ವಾಲ್ವು. ನಿಮ್ಮಣ್ಣ ಎಡಗಿವಿಲಿ ಕೇಳಿದ್ರೂ ನಿನಗಿಂತ ವಾಸಿ ಅಂದ್ರು ಮೇಸ್ತ್ರಿ. ಉಗಿಸ್ಕೊಂಡ್ರೂ ಖುಷಿಯಾಯ್ತು ಕಣೋ. ನಿನ್ನ ಗೂಟದಲ್ಲಿ ಬೇರೆ ಯಾರ ಅಂಗಿನೂ ನೇತುಹಾಕೋಕೆ ಅವರು ಬಿಟ್ಟಿಲ್ಲ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಕಿವಿಗೆ ನೀರು ಬಿಟ್ಕೋಬೇಡ ಅಂತಲೂ.

ಬೈದಷ್ಟೂ ಪ್ರೀತಿ ಇರೋ ನಿನ್ನ ತಂಗಿ,
ಪಟಾಕಿ

ಮರೆತಿದ್ದೆ: ವಕೀಲಕ್ಕನ ಅರ್ಜಿಗೆ ಕೋರ್ಟಿನ ಆರ್ಡರ್ ಆಗಿದೆ, ಇಪ್ಪತ್ತೆರಡಕ್ಕೆ, ಸೋಮವಾರ, ನಿನ್ನನ್ನ ಬೇರೆ ಬ್ಯಾರಕ್ಕಿಗೆ ಹಾಕ್ತಾರೆ, ಹೊಡೆದೋನು ಪಕ್ಕದಲ್ಲಿ ಇರಲ್ಲ. ಮಾರನೇ ದಿನ ಮಂಗಳವಾರ ನಿನ್ನ ಹೇಳಿಕೆ ಬರ್ಕೊಳ್ಳೋಕೆ ವಕೀಲಕ್ಕ ಬರ್ತಾರೆ. ಅವರನ್ನ ನಿನ್ನ ಎಡಗಡೆ ಕೂರಿಸ್ಕೋ, ನಾಚ್ಕೋಬೇಡ. ಯಾರಾದ್ರೂ ಹೊಡೆದ್ರಾ ಅಂತ ಅಮ್ಮ ಕೇಳಿದ್ದನ್ನೇ ಅವರೂ ಕೇಳ್ತಾರೆ. ಅವತ್ತು ಕೇಳಿಸದೆ ಅಂದ ಹೂಂನ ಈ ಸಲ ಕೇಳಿಸ್ಕೊಂಡು ಅನ್ನು.