ಹೊತ್ತು ಮುಳುಗುವ ಮುಂಚಿನ ಹಾಡು

ನವೆಂಬರ್ ೧೪, ಶುಕ್ರವಾರ

ಮತ್ತೆ ಪಲ್ಲವಿ ತಿದ್ದಿದೆ. ‘ಕಬ್ಬು’ ಎಂಬುದಕ್ಕೆ ‘ಹುಬ್ಬು’ ಪ್ರಾಸ ಹೊಂದಿಸಿದ್ದೆ. ಅಕ್ಕನ ಮಗಳು ಶೀತಲ ಓದಿ ಮುಖ ಕಿವುಚಿದಳು.

‘ಮಾಮಾ, ಇದು ಹುಡಿಗಿ ಹಾಡೋ, ಸಕ್ಕರಿ ಫ್ಯಾಕ್ಟರಿ ಹಾಡೋ?’

ಏಳನೇ ವರ್ಷಕ್ಕೆ ನನ್ನ ‘ಗಿರಗಿಟ್ಲಿ ಗಂಗಿ’ ಹಾಡಿ ಯೂಟ್ಯೂಬಿನಲ್ಲಿ ಹೆಸರಾದವಳು. ಈಗ ಇಪ್ಪತ್ತು. ಕಾಗವಾಡದಿಂದ ನಿಪ್ಪಾಣಿವರೆಗೆ ಇನ್ನೂ ಗಂಗಿಯೇ. ಹೋದಲ್ಲೆಲ್ಲ ಅದೇ ಹಳೇ ರೆಕಾರ್ಡಿನ ಟ್ರ್ಯಾಕ್, ಅದಕ್ಕೆ ಇವಳು ತುಟಿ ಆಡಿಸುವುದಷ್ಟೇ.

ಮುಂದಿನ ರವಿವಾರ ಅಥಣಿಯ ಕಾರ್ಯಕ್ರಮಕ್ಕೆ ಬೆಂಗಳೂರಿನ ಮ್ಯೂಸಿಕ್ ಕಂಪನಿಯ ಮೇಡಂ ಬರುತ್ತಾರೆ. ಟ್ರ್ಯಾಕ್ ಇಲ್ಲದೆ ಹೊಸ ಹಾಡು ಹಾಡಿದರೆ ಆಲ್ಬಮ್. ಇಲ್ಲದಿದ್ದರೆ... ಮತ್ತೆ ಗಿರಗಿಟ್ಲಿ.

ನವೆಂಬರ್ ೧೭

ಶೀತಲಳ ಗಂಟಲು ತೋರಿಸಲು ಮಿರಜಿಗೆ ಹೋಗಿದ್ದೆವು. ಡಾಕ್ಟರು ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರು. ಗಂಟಲಲ್ಲಿ ಗಂಟು — ಪ್ರಾಸ ನನ್ನದಲ್ಲ. ಚಿಕ್ಕಂದಿನಿಂದ ಕಿರುಚಿ ಹಾಡಿದ ಫಲ. ಹಾಡುವಾಗ ಗುಟುಕು ಗುಟುಕು ನೀರು ಬೇಕೇ ಬೇಕು. ಒಣ ಗಂಟಲಲ್ಲಿ ಏರುದನಿ ತೆಗೆದರೆ ದನಿಯೇ ಹರಿದು ಹೋದೀತು.

ಪೇಚು ಇಲ್ಲೇ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಆದರೆ ಆಮೇಲೆ ನೀರನ್ನೂ ಮುಟ್ಟದವಳು ಮನೆಯಲ್ಲಿ ಇವಳೊಬ್ಬಳೇ. ಒಂಬತ್ತನೇ ವರ್ಷ, ಚಾತುರ್ಮಾಸಕ್ಕೆ ಬಂದ ಮುನಿಗಳ ಮುಂದೆ ತಾನಾಗಿ ಕೈಮುಗಿದು ಹಿಡಿದ ನೇಮ.

ವಾಪಸ್ ಬರುವಾಗ ಅವಳವ್ವ ಪದ್ಮಕ್ಕ ಬಸ್ಸಿನಲ್ಲಿ ಅಂಗಲಾಚಿದಳು. ‘ಔಷಧ ಅಂತ ತಿಳಕೊಂಡ ಕುಡಿಯವ್ವ, ಯಾರೂ ಏನೂ ಅನ್ನಂಗಿಲ್ಲ.’

‘ಜಡಿ ನೀ ಹಾಕಿದಿ, ಹಾಡ ಮಾಮಾ ಬರದ. ಹಲ್ಲ ಬಿದ್ದಾಗ ನಗು ಅಂದ್ರಿ, ನಕ್ಕೆ. ಆ ವಯಸ್ಸಿನ್ಯಾಗ ನನ್ನಷ್ಟಕ್ಕ ನಾ ಮಾಡಿದ್ದು ಇದೊಂದ ಅವ್ವಾ.’

ಪದ್ಮಕ್ಕ ಡಾಕ್ಟರ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

ನವೆಂಬರ್ ೨೦

ಧನಪಾಲ ಯುವಕ ಮಂಡಳದ ಅಧ್ಯಕ್ಷ. ಕಾರ್ಯಕ್ರಮ ಅವನದೇ. ಅವಳು ಬಿಸಿಲಿರುವಾಗಲೇ ಹಾಡಿ ಮುಗಿಸಲೆಂದು, ಕಾಡಿ ಬೇಡಿ ಅದನ್ನು ಏಳು ಗಂಟೆಯಿಂದ ನಾಲ್ಕಕ್ಕೆ ತರಿಸಿದೆ.

‘ಸರ, ನಾಕಕ್ಕ ಮಂದಿ ಹೊಲದಾಗ ಇರ್ತಾರ್ರಿ!’

‘ಏಳಕ್ಕ ಕರದ್ರ ಒಂಬತ್ತಕ್ಕ ಬರೂ ಮಂದಿ. ನಾಕಕ್ಕ ಕರಿ, ಐದಕ್ಕರ ಬಂದಾರು.’

ಒಪ್ಪಿದ. ಶರತ್ತು ಒಂದೇ: ಮೊದಲು ಹಿರಿಯರ ಸತ್ಕಾರ. ನಿರೂಪಣೆ ನನ್ನದು. ಒಬ್ಬರಿಗೆ ಎರಡೇ ಸಾಲು ಹೊಗಳಿಕೆ, ಮೂರನೆಯದು ಬಂದರೆ ನಾಲಿಗೆ ಕಚ್ಚಿಕೊಳ್ಳುವುದು.

ನವೆಂಬರ್ ೨೩, ಸಂಜೆ ೫:೧೦, ವೇದಿಕೆಯ ಹಿಂದೆ

ಇನ್ನೂ ಶಾಲು, ಹಾರ, ಫೇಟಾ. ಮೇಡಂ ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿದ್ದಾರೆ. ನಾನು ಬಿಸಿಲು ನೋಡುತ್ತಿದ್ದೇನೆ. ಕೆಲವು ಹೆಸರು ಹಾರಿಸಿಬಿಡುವೆ...

೫:೩೫

ಕೆಟ್ಟೆ. ಹಾರಿಸಿದ ಹೆಸರುಗಳಲ್ಲಿ ಒಂದು ಓಣಿಯ ಹಿರಿಯ ವಿರುಪಾಕ್ಷಪ್ಪ ಕಾಕಾರದು. ಮೈಕಿಗಿಂತ ಜೋರು ದನಿ: ‘ಯಾಕೋ ಕವೀ, ನನ್ನ ಹೆಗಲಮ್ಯಾಲ ಶಾಲ ನಿಲ್ಲಂಗಿಲ್ಲೇನು?’ ಎದ್ದು ನಡೆದರು. ಹಿಂದೆ ಅವರ ಓಣಿಯೇ ಎದ್ದಿತು. ಧನಪಾಲ ಓಡಿ, ಕಾಲು ಮುಟ್ಟಿ, ಕರೆತಂದ. ಈಗ ಶಾಲು. ಫೇಟಾ. ಈಗ ಕಾಕಾರ ‘ಎರಡು ಮಾತು’. ಅಜ್ಜನ ಕಾಲದಿಂದ ಶುರುವಾಗಿದೆ.

೫:೫೫

ಕಾಕಾ ಇನ್ನೂ ತಂದೆಯ ಕಾಲದಲ್ಲಿದ್ದಾರೆ. ಸೂರ್ಯ ಕಬ್ಬಿನ ಗರಿಗೆ ಇಳಿದ. ಶೀತಲ ಬಾಟಲಿಯನ್ನು ಕೊನೆಯ ಹನಿವರೆಗೆ ಕುಡಿದು ನನ್ನ ಕೈಗೆ ಕೊಟ್ಟಳು.

‘ಬ್ಯಾಡವ್ವ ಶೀತಲ. ಟ್ರ್ಯಾಕ್ ಹಚ್ಚೂಣು.’

‘ಹೆಸರ ಕೂಗು ಮಾಮಾ. ಪ್ರಾಸ ಬ್ಯಾಡ, ಬರೇ ಹೆಸರು.’

ನವೆಂಬರ್ ೨೪, ಬೆಳಿಗ್ಗೆ

ಕತ್ತಲಾದ ಮೇಲೆಯೇ ಮೈಕು ಸಿಕ್ಕಿತು. ಪಲ್ಲವಿ ದಾಟಿದಳು. ಮೊದಲ ಚರಣ ದಾಟಿದಳು. ಮಂದಿ ‘ಗಂಗೀ! ಗಂಗೀ!’ ಎನ್ನುತ್ತಿದ್ದರು. ಎರಡನೆಯ ಚರಣ, ನಾನು ಏರಿಸಿ ಬರೆದ ಸಾಲು... ಅಲ್ಲಿ ದನಿ ಹರಿಯಿತು. ಹಳೇ ಧೋತರ ಹರಿದ ಹಾಗೆ. ಗಂಟಲು ಹಿಡಿದುಕೊಂಡಳು. ನೀರಿನತ್ತ ನೋಡಲಿಲ್ಲ.

ಸೌಂಡಿನವನು ಉಪಕಾರ ಮಾಡಲು ಹೋದ. ‘ಗಂಗಿ’ ಟ್ರ್ಯಾಕ್ ಬಿಟ್ಟ. ಏಳು ವರ್ಷದ ದನಿ ಮೈದಾನ ತುಂಬಿತು. ಸೀಟಿ, ಕುಣಿತ. ಶೀತಲ ಮೈಕು ಕೆಳಗಿಳಿಸಿ, ತುಟಿ ಬಿಗಿದು, ಹಾಡು ಮುಗಿಯುವವರೆಗೆ ಸುಮ್ಮನೆ ನಿಂತಳು. ಗಂಗಿ ಹಾಡುತ್ತಿದ್ದಳು, ಇವಳು ಕೇಳುತ್ತಿದ್ದಳು.

ಮೇಡಂ ಯಾವಾಗ ಎದ್ದು ಹೋದರೋ. ಕರವಸ್ತ್ರದಲ್ಲಿ ರಕ್ತ. ಈಗ ಮತ್ತೆ ಮಿರಜಿಗೆ.

ನವೆಂಬರ್ ೨೬

ಒಂದು ಪಿಸುಮಾತೂ ಕೂಡದಂತೆ. ಡಾಕ್ಟರು ಹೇಳುವವರೆಗೆ. ದನಿ ಬರುತ್ತದೆಯೋ ಇಲ್ಲವೋ, ಅವರೂ ಹೇಳಲಿಲ್ಲ.

ಡಿಸೆಂಬರ್ ೩

ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದಳು: ‘ಮಾಮಾ, ನೀನೂ ನೇಮ ಹಿಡಿ. ಹೊತ್ತು ಮುಳುಗಿದ ಮ್ಯಾಲ ಪ್ರಾಸ ಬ್ಯಾಡ.’

ನಗಲು ಹೋದೆ. ಆಗಲಿಲ್ಲ.

ಡಿಸೆಂಬರ್ ೧೧

ಮೇಡಂ ಫೋನು. ‘ಆ ಹುಡುಗಿ ಬಾಯಿ ಮುಚ್ಚಿಕೊಂಡು ನಿಂತಳಲ್ಲ, ಅದನ್ನು ನೋಡಿದೆ. ದನಿ ಬಂದರೆ ತಿಳಿಸಿ.’

ಬಂದರೆ.

ಡಿಸೆಂಬರ್ ೧೯, ಹೊತ್ತು ಮೂಡಿದ ಮೇಲೆ, ಮಾಳಿಗೆ

ಇವತ್ತಿಂದ ಹಾಡಲು ಡಾಕ್ಟರ ಅಪ್ಪಣೆ. ಪದ್ಮಕ್ಕ ಬೆಚ್ಚನೆಯ ನೀರು ತಂದಳು. ಶೀತಲ ಕುಡಿದಳು. ನಿಂತಳು.

ಬಂತು. ಗಂಗಿಯ ದನಿಯಲ್ಲ, ಹೋದ ತಿಂಗಳಿನದೂ ಅಲ್ಲ. ತಗ್ಗಿನ ದನಿ, ತುಸು ಒರಟು. ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಹಾಗೆ. ಪಲ್ಲವಿ ದಾಟಿತು. ಮೊದಲ ಚರಣ. ಹರಿದ ಜಾಗ ಹತ್ತಿರ ಬರುತ್ತಿದೆ. ಅಕ್ಕ ನನ್ನ ತೋಳು ಹಿಡಿದಿದ್ದಾಳೆ, ಅಕ್ಷರಗಳು ಸೊಟ್ಟಗಾಗುತ್ತಿವೆ —

ನಿಲ್ಲಿಸಿದಳು.

‘ಮಾಮಾ, ಈ ಸಾಲು ನನ್ನ ಗಂಟಲದಾಗ ಹಿಡಿಯಂಗಿಲ್ಲ. ನಂದ ಒಂದ ಸಾಲ ಹಾಡ್ತೀನಿ. ಪೆನ್ನ ಇಡು, ಕೇಳು.’

ಶುರು ಮಾಡಿದಳು. ಪ್ರಾಸ ಇಲ್ಲ. ಆದರೂ —