ಆ ನಲವತ್ತು ಸಾಲು

ಅಣ್ಣನಿಗೆ,

ನಿನ್ನ ವಕೀಲರ ನೋಟಿಸ್ ತಲುಪಿತು. ಡಯಾಲಿಸಿಸ್ ಕೇಂದ್ರಕ್ಕೆ ನಾನು ಬರೆದುಕೊಟ್ಟ ಪ್ರೋಗ್ರಾಂ ನಿನ್ನ ಕಂಪನಿಯ ಪ್ರೋಗ್ರಾಂನ ನಕಲು, ಕಾಪಿರೈಟ್ ಮುರಿದಿದ್ದೀಯ, ನಿಲ್ಲಿಸು ಅಂದಿದ್ದೀಯ.

ನೀನು ಕಳಿಸಿದ ಕೋಡನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ರೋಗಿಗಳಿಗೆ ಪಾಳಿ ಹಂಚುವ ನಲವತ್ತು ಸಾಲು ನಾನು ನಿನ್ನ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಬರೆದದ್ದು. ಅದನ್ನೇ ಎತ್ತಿ ಹಾಕಿದ್ದೆ, ತಪ್ಪು ನನ್ನದೇ. ಅಳಿಸಿ ಹೊಸದಾಗಿ ಬರೆದಿದ್ದೇನೆ. ಉಳಿದದ್ದೂ ಹೋಲುತ್ತದೆ, ನಿಜ. ತಾರೀಖು ಎಣಿಸುವ ಸಾಲನ್ನು ಯಾರು ಬರೆದರೂ ಹಾಗೇ ಇರುತ್ತದೆ. ರೋಗಿಗಳಿಗೆ ಪಾಳಿ ಕೊಡುವ ಯೋಚನೆ ನಿನ್ನೊಬ್ಬನ ಸ್ವತ್ತಲ್ಲ. ಇನ್ನು ಒಂದಕ್ಷರವನ್ನೂ ತೆಗೆಯುವುದಿಲ್ಲ.

"ನನ್ನಲ್ಲೇ ಕಲಿತು ನನಗೇ ಕನ್ನ ಹಾಕಿದಳು" ಅಂತ ಅಮ್ಮನ ಹತ್ತಿರ ಅಂದೆಯಂತೆ. ಕೋರ್ಟಿನಲ್ಲೂ ಅದನ್ನೇ ಹೇಳು. ಎರಡೂ ಕೋಡ್ ಹಿಡಿದು ನಾನೂ ಬರುತ್ತೇನೆ.

ಕೇಂದ್ರದ ನರ್ಸ್‌ಗೆ ಮಾತ್ರ ಫೋನ್ ಮಾಡಿ ಹೆದರಿಸಬೇಡ. ಜಗಳ ಆಡುವುದಾದರೆ ನನ್ನ ಜೊತೆ ಆಡು.

ತಲೆ ತಗ್ಗಿಸದ,
ನಿನ್ನ ತಂಗಿ